ಇಳಿಯುವಾಗ ಒಂದು ಕಡಿಮೆ

ಹತ್ತುವಾಗ ನೂರ ತೊಂಬತ್ತೇಳು ಮೆಟ್ಟಿಲು,
ಇಳಿಯುವಾಗ ನೂರ ತೊಂಬತ್ತಾರು.
ಬೇಕಾದರೆ ನೀವೇ ಎಣಿಸಿ ನೋಡಿ, ಅನ್ನುತ್ತೇನೆ
ಟಿಕೇಟು ಹರಿದು ಕೊಡುತ್ತ.
ದೊಡ್ಡವರಿಗೆ ಆರು ಯೂರೋ, ಮಕ್ಕಳಿಗೆ ಮೂರು,
ದೆವ್ವಕ್ಕೆ ಬೇರೆ ದುಡ್ಡಿಲ್ಲ.

ಎನೆಸ್ ದು ಅಂದರೆ ನಮ್ಮ ಬ್ರೆತಾನ್ ಮಾತಲ್ಲಿ ಕಪ್ಪು ದ್ವೀಪ.
ಮರವಿಲ್ಲ. ಕುರಿಗಳೂ ಗೋಡೆಯ ಮರೆ ನೋಡಿಯೇ ಮೇಯುತ್ತವೆ.
ಇಲ್ಲಿ ಹೆಂಗಸರು ಉತ್ತು ಬಿತ್ತಿ
ಗಂಡಸರನ್ನು ಕಡಲಿಗೆ ಕೊಟ್ಟು,
ಹೆಣ ಸಿಗದೆ ಹೋದಾಗ
ಹೆಬ್ಬೆರಳುದ್ದದ ಮೇಣದ ಶಿಲುಬೆ ಮಾಡಿ
ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮಲಗಿಸಿ
ರಾತ್ರಿಯಿಡೀ ಪಕ್ಕದಲ್ಲಿ ಕೂತಿರುತ್ತಿದ್ದರು.
ಬೆಳಗಾದರೆ ಅದಕ್ಕೇ ಮಣ್ಣು.

ಕಾದೋನ ಶಿಲುಬೆ ಮಾಡಿದ್ದು ಅವನ ಅಕ್ಕ ಸ್ವಾಜಿಗ್,
ನನ್ನ ಮುತ್ತಜ್ಜಿ.
ದ್ವೀಪದಾಚೆ ಬಂಡೆಯ ಮೇಲಿನ ಈ ದೀಪ ಕಾಯುತ್ತಿದ್ದವರು ಇಬ್ಬರೇ,
ಅವಳ ಗಂಡ ಗ್ವೆಂದಾಲ್, ಅವಳ ತಮ್ಮ ಕಾದೋ.
ಭಾವ ಮೈದುನರು. ಒಂದೇ ಪೈಪು, ಒಂದೇ ಬೆಂಚು,
ಸರದಿಯಲ್ಲಿ ಒಂದೇ ಹಾಸಿಗೆ.
ಮೇಲೆ ನಾಲ್ಕು ಟನ್ನಿನ ಗಾಜು
ಪಾದರಸದ ತೊಟ್ಟಿಯಲ್ಲಿ ತೇಲುತ್ತಿತ್ತು.
ಕಿರುಬೆರಳಲ್ಲಿ ತಳ್ಳಿದರೂ ಸಾಕು,
ಮಗು ಮಲಗಿದ ತೊಟ್ಟಿಲಿನಷ್ಟು ಮೆಲ್ಲಗೆ ತಿರುಗುತ್ತಿತ್ತು.

ಸಾವಿರದ ಒಂಬೈನೂರ ಹನ್ನೊಂದರ ಚಳಿಗಾಲ,
ಇಪ್ಪತ್ತಮೂರು ದಿನ ದೋಣಿ ಬರಲಿಲ್ಲ.
ದಿನಚರಿ ಪುಸ್ತಕ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿದೆ:
ಡಿಸೆಂಬರ್ ಒಂಬತ್ತು. ಕಾದೋ ಗಾಜಿನ ಉಪ್ಪು ಒರೆಸಲು ಹೊರಗೆ ಹೋದ.
ಬರಲಿಲ್ಲ.
ಡಿಸೆಂಬರ್ ಹತ್ತು. ದೀಪ ಸರಿಯಾಗಿದೆ. ಗಾಳಿ ನೈರುತ್ಯದಿಂದ.
ಮೊದಲನೆಯದು ಗ್ವೆಂದಾಲನ ದುಂಡಗಿನ ಅಕ್ಷರ.
ಎರಡನೆಯದು ಹಾಗಲ್ಲ,
ನೀರಿಗೆ ಸಿಕ್ಕಿದ ಇರುವೆ ಸಾಲು.
ಅಲ್ಲಿಂದ ಹದಿನಾಲ್ಕು ರಾತ್ರಿ
ಒಂದು ಪಾಳಿ ಇವನದು, ಒಂದು ಪಾಳಿ ಅವನದು.

ಕೊನೆಗೂ ದೋಣಿಯವರು ಬಾಗಿಲು ತಳ್ಳಿದಾಗ
ಮೇಜಿನ ಮೇಲೆ ಎರಡು ಬಟ್ಟಲು.
ಮೆಲ್ಲಗೆ ಮಾತಾಡಿ, ಅಂದನಂತೆ ಗ್ವೆಂದಾಲ್,
ಮೈದುನ ಈಗಷ್ಟೇ ಮಲಗಿದ್ದಾನೆ.

ಬ್ರೆಸ್ಟಿನ ಡಾಕ್ಟರು ಹೇಳಿದರು: ಪಾದರಸದ ಹಬೆ.
ಮೊದಲು ಕೈ ನಡುಗುತ್ತದೆ, ಆಮೇಲೆ ಬುದ್ಧಿ.
ಎರಡೂ ಒಬ್ಬನದೇ ಬರಹ.
ಸ್ವಾಜಿಗ್ ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದಳಂತೆ:
ಕೈ ನಡುಗಿದರೆ ಕಾಗುಣಿತವೂ ತಪ್ಪುತ್ತದೆಯೇ ಸ್ವಾಮಿ?
ಗಾಳಿ ಅಂತ ಬರೆಯುವಾಗ ಒಂದಕ್ಷರ ನುಂಗುತ್ತಿದ್ದವನು ನನ್ನ ತಮ್ಮ.
ನೋಡಿ, ಇಲ್ಲಿ. ಮತ್ತೆ ಇಲ್ಲಿ.
ಡಾಕ್ಟರು ಟೋಪಿ ಹಾಕಿಕೊಂಡರು.

ನೂರಹನ್ನೆರಡನೆಯ ಮೆಟ್ಟಿಲು, ಸಣ್ಣ ಕಿಟಕಿಯ ಪಕ್ಕ,
ಎಂಥ ಬೇಸಿಗೆಯಲ್ಲೂ ಒದ್ದೆ.
ಅಲ್ಲಿ ಅವನು ಕೂತಿರುತ್ತಾನೆ, ದಣಿವಾರಿಸಿಕೊಳ್ಳುತ್ತ,
ಅದಕ್ಕೇ ಇಳಿಯುವವರ ಲೆಕ್ಕಕ್ಕೆ ಅದು ಸಿಗುವುದಿಲ್ಲ.
ಇಷ್ಟು ಹೇಳಿ ನಿಲ್ಲಿಸುತ್ತೇನೆ.
ಉಳಿದದ್ದು ಟಿಕೇಟಿಗೆ ಸೇರಿಲ್ಲ.

ಉಳಿದದ್ದು ಇಷ್ಟು. ಎಂಟು ವರ್ಷದ ಹಿಂದೆ
ಬಿಳಿ ಅಂಗಿ, ಮುಖವಾಡ ತೊಟ್ಟವರು ಬಂದು
ಪಾದರಸವನ್ನೆಲ್ಲ ಕಬ್ಬಿಣದ ಸೀಸೆಗಳಿಗೆ ತುಂಬಿ ಒಯ್ದರು.
ಗಾಜು ನಿಂತಿತು. ಈಗ ಬ್ಯಾಟರಿಯ ಪುಟ್ಟ ದೀಪ
ತನ್ನ ಪಾಡಿಗೆ ತಾನು ಕಣ್ಣು ಮಿಟುಕಿಸುತ್ತದೆ.
ಅಂದು ಸಂಜೆ ಬೀಗ ಹಾಕುವ ಮುಂಚೆ ಇಳಿದು ಎಣಿಸಿದೆ.
ನೂರ ತೊಂಬತ್ತೇಳು.
ಮತ್ತೆ ಹತ್ತಿ, ಮತ್ತೆ ಇಳಿದೆ.
ಕಿಟಕಿಯ ಪಕ್ಕದ ಮೆಟ್ಟಿಲನ್ನು ಅಂಗೈಯಿಂದ ಮುಟ್ಟಿದೆ.
ಒಣಗಿತ್ತು.

ಈಗಲೂ ಮಕ್ಕಳು ಏದುಸಿರು ಬಿಡುತ್ತ ಇಳಿದು ಬಂದು
ತೊಂಬತ್ತಾರು! ಅಂತ ಕೂಗುತ್ತವೆ.
ನಾನು ಹೇಳಿದ್ದನ್ನೇ ಎಣಿಸಿರುತ್ತವೆ, ಪಾಪ.

ಹೋದ ಗುರುವಾರ ಒಬ್ಬ ಹುಡುಗ, ಮುಂದಿನ ಹಲ್ಲು ಬಿದ್ದವನು,
ಎಲ್ಲರೂ ದಾಟಲಿ ಎಂದು ಕಾದು ನಿಂತು
ಕಿವಿಯಲ್ಲಿ ಹೇಳಿದ: ತೊಂಬತ್ತೇಳು ಇದೆ.
ಮೂರು ಯೂರೋ ವಾಪಸು ಅವನ ಕೈಯಲ್ಲಿಟ್ಟು
ಯಾರಿಗೂ ಹೇಳಬೇಡ, ಅಂದೆ.
ಆಯಿತು ಅಂದ. ಎರಡು ಹೆಜ್ಜೆ ಹೋಗಿ ತಿರುಗಿ,
ಹಾಗಾದರೆ ಅವನೀಗ ಎಲ್ಲಿ ಕೂರುತ್ತಾನೆ? ಅಂದ.

ದೋಣಿಯವನು ಸೀಟಿ ಹೊಡೆದ.